ಬಲೆಯಿಲ್ಲದ ಚಿಟ್ಟೆಬೇಟೆ

ಬೆಳಗಿನ ಹೊತ್ತು. ಊರಾಚೆಯ ಬಯಲಿನಲ್ಲಿ ಹುಲ್ಲಿನ ಮೇಲಣ ಇಬ್ಬನಿ ಇನ್ನೂ ಆರಿಲ್ಲ. ಎಕ್ಕದ ಗಿಡವೊಂದರ ಮುಂದೆ ಮೊಣಕಾಲೂರಿ, ಕ್ಯಾಮರಾವನ್ನು ಕಣ್ಣಿಗೊತ್ತಿ, ಉಸಿರು ಬಿಗಿಹಿಡಿದು ಒಬ್ಬಾತ ಕುಳಿತಿದ್ದಾನೆ. ಕಳೆದುಹೋದ ಉಂಗುರವನ್ನು ಹುಡುಕುತ್ತಿರುವನೋ ಎಂದು ದಾರಿಹೋಕರು ಭಾವಿಸಿದರೆ ಆಶ್ಚರ್ಯವಿಲ್ಲ. ಆತನ ಮುಂದಿರುವುದು ಕಿತ್ತಳೆ ಬಣ್ಣದ ಒಂದು ಚಿಟ್ಟೆ.

ಇಂಗ್ಲಿಷಿನಲ್ಲಿ ‘ಪ್ಲೇನ್ ಟೈಗರ್’ ಎನಿಸಿಕೊಳ್ಳುವ ಈ ಚಿಟ್ಟೆ ಹೊಸಬ ಛಾಯಾಗ್ರಾಹಕರಿಗೆ ಉಪಕಾರಿ. ಎಕ್ಕದ ಎಲೆ ತಿಂದು ಬೆಳೆಯುವ ಇದರ ಹುಳು ಆ ಗಿಡದ ವಿಷವನ್ನು ಮೈಯಲ್ಲಿ ಕೂಡಿಟ್ಟುಕೊಳ್ಳುತ್ತದೆ. ರುಚಿ ಕಂಡ ಹಕ್ಕಿ ಮತ್ತೆ ಇದರ ತಂಟೆಗೆ ಬರುವುದಿಲ್ಲ. ಆದುದರಿಂದಲೇ ಇದರ ಹಾರಾಟದಲ್ಲಿ ಅವಸರವಿಲ್ಲ.

ಆದರೂ ಚಿತ್ರ ತೆಗೆಯುವುದು ಸುಲಭವೆಂದು ತಿಳಿಯಬಾರದು. ವಸ್ತು ಎಷ್ಟು ದೊಡ್ಡದೋ ಅಷ್ಟೇ ದೊಡ್ಡ ಬಿಂಬವನ್ನು ಕ್ಯಾಮರಾದೊಳಗೆ ಮೂಡಿಸುವುದು ಮ್ಯಾಕ್ರೊ ಮಸೂರದ ಹಿರಿಮೆ. ಆದರೆ ಅಷ್ಟು ಸಮೀಪದಲ್ಲಿ, ಮಸೂರದ ರಂಧ್ರವನ್ನು ಎಫ್ 8ಕ್ಕೆ ಕಿರಿದುಗೊಳಿಸಿದರೂ, ಸ್ಪಷ್ಟವಾಗಿ ಕಾಣುವ ಆಳ ಸುಮಾರು 1 ಮಿಲಿಮೀಟರ್ ಮಾತ್ರ! ಕಣ್ಣು ನಿಚ್ಚಳವಾದರೆ ರೆಕ್ಕೆಯಂಚು ಮಸುಕು. ಗಾಳಿ ಸುಳಿದರೆ ಎಲ್ಲವೂ ಮಸುಕು. ರಂಧ್ರವನ್ನು ಇನ್ನೂ ಕಿರಿದಾಗಿಸಿದರೆ ಬೆಳಕು ಸಾಲದು. ಹೀಗಾಗಿ ಅನುಭವಿಗಳು ಕ್ಯಾಮರಾವನ್ನು ರೆಕ್ಕೆಗೆ ಸಮಾನಾಂತರವಾಗಿ ಹಿಡಿಯುತ್ತಾರೆ; ತಮ್ಮ ನೆರಳು ಚಿಟ್ಟೆಯ ಮೇಲೆ ಬೀಳದಂತೆ ತಗ್ಗಿ, ಮೆಲ್ಲಮೆಲ್ಲನೆ ಸರಿಯುತ್ತಾರೆ. ಬಿಸಿಲಿನಲ್ಲಿ ಮೈ ಕಾಯಿಸಿಕೊಳ್ಳದೆ ಚಿಟ್ಟೆ ಹಾರಲಾರದು. ಮುಂಜಾನೆಯ ತಂಪೇ ಇವರ ಸುಮುಹೂರ್ತ.

ಈ ಗುಟ್ಟನ್ನರಿತ ಕೆಲವರು ಅಡ್ಡದಾರಿಯನ್ನೂ ಹಿಡಿದದ್ದುಂಟು. ಚಿಟ್ಟೆಯನ್ನು ಹಿಡಿದು, ರೆಫ್ರಿಜರೇಟರಿನಲ್ಲಿಟ್ಟು ಜಡಗೊಳಿಸಿ, ಹೂವಿನ ಮೇಲೆ ಕೂರಿಸಿ ಚಿತ್ರ ತೆಗೆಯುವುದು! ಮುಟ್ಟಿದಾಗ ಬೆರಳಿಗೆ ಅಂಟುವ ಬಣ್ಣದ ಧೂಳು ನಿಜವಾಗಿ ರೆಕ್ಕೆಯ ಹೆಂಚಿನಂಥ ಸೂಕ್ಷ್ಮ ಹುರುಪೆಗಳು. ಉದುರಿದವು ಮತ್ತೆ ಹುಟ್ಟುವುದಿಲ್ಲ. ಕೆಲವೇ ವಾರಗಳ ಬಾಳು ಅದರದು. ಒಂದು ಚಿತ್ರಕ್ಕಾಗಿ ಅದನ್ನು ಕೆಡಿಸುವುದು ಕಲೆಯೇ?

ಕಾದು ತೆಗೆದ ಚಿತ್ರಕ್ಕೆ ಬೇರೊಂದು ಬೆಲೆಯೂ ಇದೆ. ‘ಡನೈಡ್ ಎಗ್‌ಫ್ಲೈ’ ಎಂಬ ಬೇರೆ ಜಾತಿಯ ಹೆಣ್ಣು, ತನ್ನಲ್ಲಿ ವಿಷವಿಲ್ಲದಿದ್ದರೂ, ಪ್ಲೇನ್ ಟೈಗರಿನ ವೇಷ ತೊಟ್ಟು ಹಕ್ಕಿಗಳನ್ನು ವಂಚಿಸುತ್ತದೆ. ಹಿಂದಿನ ರೆಕ್ಕೆಯ ನಡುವೆ ಕೆಲವು ಕರಿಚುಕ್ಕೆಗಳಿದ್ದರೆ ಅಸಲಿ; ಇಲ್ಲದಿದ್ದರೆ ವೇಷಧಾರಿ. ಹಾರುವಾಗ ಕಣ್ಣಿಗೆ ಸಿಗದ ಈ ಭೇದವನ್ನು ತಿಳಿಯಲು ಹಿಂದಿನ ಸಂಗ್ರಾಹಕರು ಬಲೆ ಬೀಸಿ, ಕೊಂದು, ಸೂಜಿ ಚುಚ್ಚಿ ಪೆಟ್ಟಿಗೆಯಲ್ಲಿಡುತ್ತಿದ್ದರು. ಇಂದು ಒಳ್ಳೆಯ ಚಿತ್ರವೊಂದು, ದಿನಾಂಕ ಮತ್ತು ಸ್ಥಳದ ವಿವರ ಜೊತೆಗಿದ್ದರೆ, ಅದೇ ಸಾಕ್ಷ್ಯವನ್ನು ನುಡಿಯಬಲ್ಲದು. ಎಲ್ಲ ಜಾತಿಗಳನ್ನೂ ಚಿತ್ರದಿಂದಲೇ ಗುರುತಿಸಲಾಗದು, ನಿಜ. ಆದರೆ ಇಲ್ಲಿ ಒಂದು ಜೀವವಂತೂ ಉಳಿಯಿತು.

ಇದಕ್ಕೆ ಕಾಡಿಗೇ ಹೋಗಬೇಕೆಂದಿಲ್ಲ. ‘ಕಾಮನ್ ಮಾರ್ಮನ್’ ಎಂಬ ಕಪ್ಪು ಚಿಟ್ಟೆ ಮನೆಯಂಗಳದ ಕರಿಬೇವಿನ ಗಿಡದಲ್ಲೇ ಮೊಟ್ಟೆಯಿಡುತ್ತದೆ. ಹಕ್ಕಿಯ ಹಿಕ್ಕೆಯಂತೆ ತೋರುವ ಅದರ ಎಳೆಯ ಹುಳುವನ್ನು ಕಂಡು, ಕೊಂಬೆಯನ್ನೇ ಕತ್ತರಿಸಿ ಎಸೆಯುವ ಗೃಹಿಣಿಯರಿದ್ದಾರೆ. ಒಗ್ಗರಣೆಗೆ ಬೇಕಾದ ಎಲೆಯನ್ನು ಬೇರೆ ಕೊಂಬೆಯಿಂದ ಕಿತ್ತುಕೊಂಡು ಇದನ್ನು ಹಾಗೆಯೇ ಬಿಟ್ಟರೆ, ಕೆಲವು ವಾರಗಳಲ್ಲಿ ಮಕ್ಕಳ ಕ್ಯಾಮರಾಕ್ಕೆ ಮನೆಯಲ್ಲೇ ಅತಿಥಿ ಸಿದ್ಧ!