ಶೇವ್ ಆದಮೇಲೆ ಉರಿದರೆ ಮುಖ ಕ್ಲೀನ್ ಆಗಿದೆ ಎಂದರ್ಥವೇ? ನಂಬಿಕೆ ಮತ್ತು ನಿಜ

‘ಶೇವ್ ಮಾಡಿದಷ್ಟೂ ಗಡ್ಡ ದಪ್ಪ ಬರುತ್ತೆ.’ ‘ಉಲ್ಟಾ ಎಳೆದರೇನೇ ಕೆನ್ನೆ ನೈಸ್ ಆಗೋದು.’ ‘ಚುರುಗುಟ್ಟಿದರೆ ಕ್ರಿಮಿ ಸತ್ತಿತು ಅಂತ ಲೆಕ್ಕ.’ ಇಂಥ ಮಾತುಗಳನ್ನು ಮನೆಯಲ್ಲೂ ಸಲೂನಿನಲ್ಲೂ ಕೇಳುತ್ತಲೇ ಬೆಳೆದಿದ್ದೇವೆ. ಈಗ ಅವೇ ಮಾತುಗಳು ವಾಟ್ಸಾಪ್ ಗುಂಪುಗಳಲ್ಲಿ ಸುತ್ತುತ್ತಿವೆ. ಇವುಗಳಲ್ಲಿ ಎಷ್ಟು ನಿಜ? ಮನೆಯಲ್ಲೇ ಉರಿ, ಗುಳ್ಳೆ ಇಲ್ಲದೆ ಗಡ್ಡ ತೆಗೆಯುವುದು ಹೇಗೆ? ನೋಡೋಣ.

ಉರಿ ಏಕೆ ಬರುತ್ತದೆ?

ಬ್ಲೇಡು ಬರೀ ಕೂದಲನ್ನು ಕತ್ತರಿಸುವುದಿಲ್ಲ. ಚರ್ಮದ ತೀರಾ ಮೇಲಿನ ಪದರವನ್ನೂ ಸ್ವಲ್ಪ ಕೆರೆದುಕೊಂಡು ಹೋಗುತ್ತದೆ. ಕೂದಲು ಒಣಗಿದ್ದರೆ, ಬ್ಲೇಡು ಮೊಂಡಾಗಿದ್ದರೆ, ಒತ್ತಿ ಎಳೆದರೆ ಅಥವಾ ಒಂದೇ ಜಾಗದಲ್ಲಿ ಮತ್ತೆ ಮತ್ತೆ ಎಳೆದರೆ ಈ ಕೆರೆತ ಹೆಚ್ಚುತ್ತದೆ. ಕಣ್ಣಿಗೆ ಕಾಣದ ಆ ಸಣ್ಣ ಗಾಯಗಳೇ ಉರಿಯುವುದು. ಅಂದರೆ ಉರಿಯು ಶುಚಿತ್ವದ ಗುರುತಲ್ಲ, ಗಾಯದ ಗುರುತು.

ಕೂದಲಿಗಿಂತ ಉಕ್ಕು ಸುಮಾರು 50 ಪಟ್ಟು ಗಟ್ಟಿ. ಆದರೂ ಬ್ಲೇಡು ಮೊಂಡಾಗುವುದೇಕೆ? ಅಮೆರಿಕದ ಎಂಐಟಿ ಸಂಶೋಧಕರು ಇದನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿ, 2020ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದರು. ಬ್ಲೇಡಿನ ಅಂಚು ಬರೀ ಸವೆಯುವುದಿಲ್ಲ, ಕೂದಲು ಬಾಗಿ ಓರೆಯಾಗಿ ತಾಗುವ ಕಡೆ ಅಂಚಿನಿಂದ ಸಣ್ಣ ಸಣ್ಣ ಚೂರುಗಳು ಕಿತ್ತು ಬರುತ್ತವೆ. ಹೀಗೆ ಹಲ್ಲು ಹಲ್ಲಾದ ಅಂಚು ಕೂದಲನ್ನು ಕತ್ತರಿಸುವ ಬದಲು ಜಗ್ಗುತ್ತದೆ.

ನೀರಿಗೆ ಸಮಯ ಕೊಡಿ

ಗಡ್ಡದ ಕೂದಲು ಕೆರಾಟಿನ್ ಎಂಬ ಪ್ರೋಟೀನಿನಿಂದ ಆಗಿದೆ. ಅದು ನೀರು ಕುಡಿದರೆ ಉಬ್ಬಿ ಮೆದುವಾಗುತ್ತದೆ. ಆದರೆ ಅದಕ್ಕೆ ಎರಡು ಮೂರು ನಿಮಿಷವಾದರೂ ಬೇಕು. ಸಲೂನಿನವರು ನೀರು ಚಿಮುಕಿಸಿ, ಬ್ರಶ್ ಹಿಡಿದು ಅಷ್ಟು ಹೊತ್ತು ನೊರೆ ಉಜ್ಜುವುದು ಸುಮ್ಮನೆ ಅಲ್ಲ. ಮನೆಯಲ್ಲಿ ಬಹಳಷ್ಟು ಜನ ಬಿಟ್ಟುಬಿಡುವುದು ಈ ಹಂತವನ್ನೇ.

ಶೇವಿಂಗ್ ಕ್ರೀಮಿನ ಕೆಲಸವೂ ಮುಖ್ಯವಾಗಿ ಇದೇ: ಆ ತೇವ ಆರದಂತೆ ಹಿಡಿದಿಟ್ಟು, ಬ್ಲೇಡು ಜಾರುವಂತೆ ಮಾಡುವುದು. ಸ್ನಾನದ ಸೋಪಿನ ನೊರೆ ಬೇಗ ಒಣಗುತ್ತದೆ. ಟೂತ್‌ಪೇಸ್ಟ್ ಅಂತೂ ಬೇಡವೇ ಬೇಡ. ಅದರಲ್ಲಿ ಹಲ್ಲುಜ್ಜಲೆಂದು ಹಾಕಿದ ನುಣುಪಾದ ಪುಡಿ ಮುಖವನ್ನು ಇನ್ನಷ್ಟು ಕೆರೆಯುತ್ತದೆ.

ಹೀಗೆ ಮಾಡಿ

1. ಸ್ನಾನವಾದ ಕೂಡಲೇ ಶೇವ್ ಮಾಡಿ. ಇಲ್ಲವೇ ಬೆಚ್ಚಗಿನ ಒದ್ದೆ ಟವೆಲನ್ನು ಎರಡು ಮೂರು ನಿಮಿಷ ಗಡ್ಡದ ಮೇಲೆ ಇಟ್ಟುಕೊಳ್ಳಿ.

2. ಕೂದಲು ಯಾವ ಕಡೆ ಬೆಳೆದಿದೆ ಎಂದು ಕೈಯಾಡಿಸಿ ನೋಡಿ. ಕೆನ್ನೆಯಲ್ಲಿ ಸಾಮಾನ್ಯವಾಗಿ ಕೆಳಮುಖವಾಗಿರುತ್ತದೆ, ಕುತ್ತಿಗೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ದಿಕ್ಕು.

3. ಅದೇ ದಿಕ್ಕಿನಲ್ಲಿ, ಒತ್ತದೆ, ಚಿಕ್ಕ ಚಿಕ್ಕದಾಗಿ ಎಳೆಯಿರಿ. ಒಂದೆರಡು ಸಲ ಎಳೆದ ಮೇಲೆ ಬ್ಲೇಡನ್ನು ನೀರಿನಲ್ಲಿ ತೊಳೆಯಿರಿ.

4. ಮತ್ತೊಮ್ಮೆ ಎಳೆಯಬೇಕೆನಿಸಿದರೆ ಮತ್ತೆ ನೊರೆ ಹಚ್ಚಿಯೇ ಎಳೆಯಿರಿ.

5. ತಣ್ಣೀರಿನಲ್ಲಿ ತೊಳೆದು, ಉಜ್ಜದೆ ಒತ್ತಿ ಒರೆಸಿಕೊಳ್ಳಿ. ವಾಸನೆಯಿಲ್ಲದ ಮಾಯಿಶ್ಚರೈಸರ್ ಹಚ್ಚಿ.

6. ರೇಜರನ್ನು ಒಣಗುವ ಜಾಗದಲ್ಲಿಡಿ. 5ರಿಂದ 7 ಸಲ ಬಳಸಿದ ಮೇಲೆ ಬ್ಲೇಡು ಬದಲಿಸಿ. ಅದಕ್ಕೂ ಮೊದಲೇ ಕೂದಲು ಜಗ್ಗಿದರೆ ಆಗಲೇ ಬದಲಿಸಿ.

ಇನ್ನು ಆ ನಂಬಿಕೆಗಳು

ಶೇವ್ ಮಾಡಿದರೆ ಗಡ್ಡ ದಪ್ಪವಾಗುತ್ತದೆಯೇ? ಇಲ್ಲ. 1928ರಲ್ಲೇ ಮಿಲ್ಡ್ರೆಡ್ ಟ್ರಾಟರ್ ಎಂಬ ವಿಜ್ಞಾನಿ ಇದನ್ನು ಪರೀಕ್ಷಿಸಿ ತಪ್ಪೆಂದು ತೋರಿಸಿದ್ದರು. ಕೂದಲು ಎಷ್ಟು ದಪ್ಪ, ಯಾವ ಬಣ್ಣ ಎಂಬುದು ತೀರ್ಮಾನವಾಗುವುದು ಚರ್ಮದೊಳಗಿನ ಬೇರಿನಲ್ಲಿ. ಬ್ಲೇಡು ಅಲ್ಲಿಗೆ ಮುಟ್ಟುವುದೇ ಇಲ್ಲ. ಹಾಗಾದರೆ ದಪ್ಪ ಅನಿಸುವುದೇಕೆ? ತಾನಾಗಿ ಬೆಳೆದ ಕೂದಲಿನ ತುದಿ ಚೂಪು, ಕತ್ತರಿಸಿದ ಕೂದಲಿನ ತುದಿ ಮೊಂಡು. ಕೈಗೆ ತಾಗುವ ಒರಟುತನ ಅದರದ್ದು.

ಉಲ್ಟಾ ಎಳೆದರೆ ನೈಸ್ ಆಗುತ್ತದೆಯೇ? ಆ ದಿನದ ಮಟ್ಟಿಗೆ ಹೌದು. ಆದರೆ ಚರ್ಮದ ಮಟ್ಟಕ್ಕಿಂತ ಕೆಳಗೆ ಕತ್ತರಿಸಿದ ಕೂದಲು ಮತ್ತೆ ಬೆಳೆಯುವಾಗ ಹೊರಗೆ ಬಾರದೆ ಒಳಗೇ ಚುಚ್ಚಿಕೊಂಡು ಗುಳ್ಳೆಯಾಗಬಹುದು. ಗುಂಗುರು ಗಡ್ಡದವರಿಗೆ ಈ ಕಾಟ ಹೆಚ್ಚು. ಬ್ಲೇಡುಗಳ ಸಂಖ್ಯೆ ಹೆಚ್ಚಿದ್ದಷ್ಟೂ ಒಳ್ಳೆಯದು ಎಂಬ ಮಾತೂ ಇಂಥವರಿಗೆ ಹೊಂದುವುದಿಲ್ಲ.

ಪಟಿಕ ಉಜ್ಜಬಹುದೇ? ಸಣ್ಣ ಗಾಯದ ರಕ್ತ ನಿಲ್ಲಿಸಲು ಪಟಿಕ ನಿಜಕ್ಕೂ ನೆರವಾಗುತ್ತದೆ. ಆದರೆ ಹತ್ತು ಜನರ ಮುಖಕ್ಕೆ ಉಜ್ಜಿದ ಕಲ್ಲು ನಿಮಗೆ ಬೇಡ.

ಹಗುರವಾಗಿ ತೆಗೆದುಕೊಳ್ಳಬಾರದ ಎರಡು ಸಂಗತಿ

ಒಂದು, ರೇಜರ್ ಹಂಚಿಕೊಳ್ಳುವುದು. ಅಣ್ಣನ ರೇಜರ್, ಹಾಸ್ಟೆಲ್ ಗೆಳೆಯನ ರೇಜರ್, ‘ಒಂದೇ ಸಲ ತಾನೇ’ ಎನ್ನಬೇಡಿ. ಹೆಪಟೈಟಿಸ್ ಬಿ ವೈರಸ್ ದೇಹದ ಹೊರಗೂ ಕನಿಷ್ಠ 7 ದಿನ ಸೋಂಕು ಹರಡುವ ಸ್ಥಿತಿಯಲ್ಲಿ ಇರಬಲ್ಲದು. ಕಣ್ಣಿಗೆ ಕಾಣದಷ್ಟು ರಕ್ತ ಬ್ಲೇಡಿನಲ್ಲಿದ್ದರೂ ಅಪಾಯವೇ. ತೊಳೆದರೆ ಸಾಕು ಎಂದುಕೊಳ್ಳುವಂತಿಲ್ಲ. ಸಲೂನಿನಲ್ಲಿ ನಿಮ್ಮೆದುರೇ ಹೊಸ ಬ್ಲೇಡು ಹಾಕಲಿ ಎಂದು ಕೇಳಲು ಸಂಕೋಚ ಬೇಡ.

ಎರಡು, ಗುಳ್ಳೆಗೆ ಸಿಕ್ಕ ಮುಲಾಮು ಹಚ್ಚುವುದು. ‘ಈ ಟ್ಯೂಬ್ ಹಚ್ಚಿ, ಎರಡೇ ದಿನಕ್ಕೆ ಮಾಯ’ ಎಂದು ಹೇಳುವ ಎಷ್ಟೋ ಮುಲಾಮುಗಳಲ್ಲಿ ಸ್ಟಿರಾಯ್ಡ್ ಇರುತ್ತದೆ. ಮೊದಲಿಗೆ ಕೆಂಪು ಇಳಿಯುವುದು ನಿಜ. ದಿನವೂ ಹಚ್ಚುತ್ತಾ ಹೋದರೆ ಚರ್ಮ ತೆಳುವಾಗುತ್ತದೆ, ಮೊಡವೆ ಏಳುತ್ತದೆ, ಹುಳುಕಡ್ಡಿ ಇದ್ದರೆ ಗುರುತೇ ಸಿಗದಂತೆ ಹರಡುತ್ತದೆ. ಹಚ್ಚುವುದನ್ನು ನಿಲ್ಲಿಸಿದರೆ ಉರಿ ಮೊದಲಿಗಿಂತ ಜೋರಾಗಿ ಮರಳಬಹುದು. ಹಲವು ಸ್ಟಿರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲೇ ನಿಯಮ ತಂದಿದೆ.

ಗುಳ್ಳೆಗಳು ಕಾಡುತ್ತಿದ್ದರೆ ಮೊದಲು ಕೆಲವು ದಿನ ಶೇವ್ ನಿಲ್ಲಿಸಿ ಅಥವಾ ಟ್ರಿಮ್ಮರ್ ಬಳಸಿ. ಕೀವು, ಊತ, ಕಪ್ಪು ಕಲೆ, ಗಟ್ಟಿ ಗಂಟು ಕಂಡರೆ ಚರ್ಮದ ವೈದ್ಯರಿಗೆ ತೋರಿಸಿ.

ಕೊನೆಗೆ

ದುಬಾರಿ ರೇಜರ್ ಇದ್ದರೆ ಮಾತ್ರ ಉರಿಯಿಲ್ಲದ ಶೇವ್ ಎಂದೇನಿಲ್ಲ. ಮೂರು ನಿಮಿಷದ ನೀರು, ಹರಿತವಾದ ಬ್ಲೇಡು, ಹಗುರವಾದ ಕೈ, ಇಷ್ಟಿದ್ದರೆ ಸಾಕು. ನಿಮ್ಮ ಗುಂಪಿಗೆ ಏನಾದರೂ ಫಾರ್ವರ್ಡ್ ಮಾಡುವುದಿದ್ದರೆ ಇದನ್ನು ಮಾಡಿ. ಮೀಸೆ ಚಿಗುರುತ್ತಿರುವ ಹುಡುಗ ಮನೆಯಲ್ಲಿದ್ದರೆ ಅವನಿಗೊಂದು ಸ್ವಂತ ರೇಜರ್ ಕೊಡಿಸಿ, ಪಕ್ಕದಲ್ಲಿ ನಿಂತು ಹೇಳಿಕೊಡಿ.