ಒಂದೇ ಪೋರ್ಟಿನಲ್ಲಿ ಹಲವು ಜಾಲ ಅನ್ವಯಗಳು: ಸ್ವಾರಗೇಟಿನ ನಿದರ್ಶನದೊಂದಿಗೆ ಒಂದು ವಿವರಣೆ

ಹೊರರಾಜ್ಯಗಳಲ್ಲಿದ್ದು ಕನ್ನಡ ಸಂಶೋಧನೆಯಲ್ಲಿ ತೊಡಗಿರುವವರಿಗೆ ಒಂದು ತೊಡಕು ಪರಿಚಿತವೇ ಆಗಿದೆ. ಪದಕೋಶ, ಹಸ್ತಪ್ರತಿ ಸೂಚಿ, ಶಾಸನ ಸಂಚಯ ಮುಂತಾದುವನ್ನು ಅಂತರಜಾಲದಲ್ಲಿ ಒದಗಿಸುವ ಪೀಠವೊಂದು ವಿಳಾಸದ ತುದಿಗೆ 8080 ಎಂದೋ 8081 ಎಂದೋ ಒಂದು ಸಂಖ್ಯೆಯನ್ನು ಸೇರಿಸಿರುತ್ತದೆ. ಪೀಠದ ಆವರಣದಲ್ಲಿ ಅದು ಸರಾಗವಾಗಿ ತೆರೆದುಕೊಳ್ಳುತ್ತದೆ. ದೂರದ ಗ್ರಂಥಾಲಯದಲ್ಲಿ ತೆರೆಯುವುದೇ ಇಲ್ಲ. ಅನೇಕ ಸಂಸ್ಥೆಗಳ ಫೈರ್‌ವಾಲುಗಳು 80 ಮತ್ತು 443 ಎಂಬ ಎರಡು ಪೋರ್ಟುಗಳಿಗೆ ಮಾತ್ರ ದಾರಿ ಬಿಡುವುದೇ ಇದಕ್ಕೆ ಕಾರಣ. ಹೀಗಾಗಿ ವರ್ಷಗಟ್ಟಲೆ ದುಡಿದು ಸಿದ್ಧಪಡಿಸಿದ ಸಾಮಗ್ರಿಯು ಯಾರಿಗಾಗಿ ಸಿದ್ಧವಾಯಿತೋ ಅವರಿಗೇ ಎಟುಕದೆ ಹೋಗುತ್ತದೆ.

ಸಾಮಾನ್ಯವಾಗಿ ಒಂದು ಯಂತ್ರದ ಒಂದು ವಿಳಾಸದಲ್ಲಿ ಒಂದು ಪೋರ್ಟಿಗೆ ಒಂದೇ ತಂತ್ರಾಂಶ ಕಿವಿಗೊಟ್ಟಿರಲು ಸಾಧ್ಯ. ಎರಡನೆಯದು ಅದೇ ಪೋರ್ಟನ್ನು ಕೇಳಿದರೆ ಕಾರ್ಯವ್ಯವಸ್ಥೆಯು ನಿರಾಕರಿಸುತ್ತದೆ. ಆದ್ದರಿಂದಲೇ ಎರಡನೆಯ, ಮೂರನೆಯ ಅನ್ವಯಗಳಿಗೆ ಬೇರೆ ಸಂಖ್ಯೆಗಳನ್ನು ಕೊಡುವ ರೂಢಿ ಬಂದಿದೆ.

ಪರಿಹಾರದ ಸ್ವರೂಪವನ್ನು ಪುಣೆಯ ಸ್ವಾರಗೇಟ ಬಸ್ ನಿಲ್ದಾಣದ ಮೂಲಕ ವಿವರಿಸಬಹುದು. ಸಾತಾರಾ, ಕೊಲ್ಹಾಪುರ, ಸಾಂಗಲಿಗಳ ಬಸ್ಸುಗಳ ಜೊತೆಗೆ ಕರ್ನಾಟಕದ ಕಡೆಗೆ ಹೋಗುವ ಬಸ್ಸುಗಳೂ ಅಲ್ಲಿಂದ ಹೊರಡುತ್ತವೆ. ಬೆಳಗಾವಿಗೆ ಹೋಗಬೇಕಾದವರು ವಿಚಾರಣೆಯ ಕಿಟಕಿಯಲ್ಲಿ ಊರಿನ ಹೆಸರನ್ನು ಹೇಳುತ್ತಾರೆ. ಯಾವ ಫಲಾಟಕ್ಕೆ (ಪ್ಲಾಟ್‌ಫಾರಮ್ಮಿಗೆ ಮರಾಠಿಯವರ ಮಾತು ಇದು) ಹೋಗಬೇಕೆಂಬುದನ್ನು ಕಿಟಕಿಯೊಳಗಿನವರು ತಿಳಿಸುತ್ತಾರೆ. ಫಲಾಟದ ಸಂಖ್ಯೆ ನಾಳೆ ಬದಲಾದರೂ ಪ್ರಯಾಣಿಕರಿಗೆ ನಷ್ಟವಿಲ್ಲ. ಊರಿನ ಹೆಸರಷ್ಟೆ ಅವರಿಗೆ ಗೊತ್ತಿದ್ದರೆ ಸಾಕು.

ಜಾಲದಲ್ಲಿ ಈ ಕಿಟಕಿಯ ಕೆಲಸವನ್ನು ಅಪಾಚಿ, ಎಂಜಿನ್‌ಎಕ್ಸ್ ಮೊದಲಾದ ಸರ್ವರ್ ತಂತ್ರಾಂಶಗಳು ಮಾಡುತ್ತವೆ. 80ನೆಯ ಪೋರ್ಟಿನಲ್ಲಿ ಕುಳಿತಿರುವುದು ಅದೊಂದೇ. ಓದುಗರ ಬ್ರೌಸರು ಪ್ರತಿ ಕೋರಿಕೆಯ ಜೊತೆಗೆ ‘ಹೋಸ್ಟ್’ ಎಂಬ ಸಾಲಿನಲ್ಲಿ ತನಗೆ ಬೇಕಾದ ತಾಣದ ಹೆಸರನ್ನು ಬರೆದು ಕಳುಹಿಸುತ್ತದೆ. ಎಚ್‌ಟಿಟಿಪಿಯ 1.0 ಆವೃತ್ತಿಯಲ್ಲಿ ಈ ಸಾಲು ಕಡ್ಡಾಯವಾಗಿರಲಿಲ್ಲ. 1997ರಲ್ಲಿ ಪ್ರಕಟವಾದ 1.1 ಆವೃತ್ತಿಯು ಅದನ್ನು ಕಡ್ಡಾಯಗೊಳಿಸಿತು. ಒಂದು ಐಪಿ ವಿಳಾಸದಲ್ಲಿ ನೂರಾರು ತಾಣಗಳು ಬಾಳುವಂತಾದುದು ಈ ಒಂದು ಸಾಲಿನ ಬಲದಿಂದಲೇ ಎನ್ನಬೇಕು.

ಒಂದು ಪೀಠದ ಬಳಿ ಪದಕೋಶ, ಸೂಚಿ, ಸಂಚಯ ಎಂಬ ಮೂರು ಅನ್ವಯಗಳಿವೆಯೆಂದು ಭಾವಿಸೋಣ. ಮೂರಕ್ಕೂ ಡಿಎನ್‌ಎಸ್‌ನಲ್ಲಿ ಬೇರೆ ಬೇರೆ ಹೆಸರುಗಳನ್ನು ಕೊಟ್ಟು, ಮೂರೂ ಒಂದೇ ಐಪಿ ವಿಳಾಸವನ್ನು ತೋರುವಂತೆ ಮಾಡಬೇಕು. ಅನ್ವಯಗಳು 8081, 8082, 8083ರಲ್ಲಿಯೇ ಇರಲಿ, ಆದರೆ 127.0.0.1 ಎಂಬ ಆಂತರಿಕ ವಿಳಾಸದಲ್ಲಿ ಮಾತ್ರ ಇರಲಿ, ಹೊರಗಿನವರು ನೇರವಾಗಿ ಅವುಗಳ ಬಾಗಿಲನ್ನು ತಟ್ಟುವಂತಿರಬಾರದು. ಅಪಾಚಿಯ ಸಂರಚನೆಯಲ್ಲಿ ಒಂದೊಂದು ಹೆಸರಿಗೆ ಒಂದೊಂದು ‘ವರ್ಚುವಲ್‌ಹೋಸ್ಟ್’ ಖಂಡವನ್ನು ಬರೆದು, ‘ಸರ್ವರ್‌ನೇಮ್’ ಎದುರು ಹೆಸರನ್ನೂ ‘ಪ್ರಾಕ್ಸಿಪಾಸ್’ ಎದುರು ಒಳಗಿನ ಪೋರ್ಟನ್ನೂ ನಮೂದಿಸಿದರೆ ಮುಖ್ಯ ಕೆಲಸ ಮುಗಿಯಿತು. ‘ಪ್ರಾಕ್ಸಿಪ್ರಿಸರ್ವ್‌ಹೋಸ್ಟ್’ ಎಂಬುದನ್ನು ಚಾಲನೆಯಲ್ಲಿಡುವುದನ್ನು ಮಾತ್ರ ಮರೆಯಬಾರದು. ಇಲ್ಲವಾದರೆ ಅನ್ವಯಕ್ಕೆ ತನ್ನ ಹೊರಗಿನ ಹೆಸರು ತಿಳಿಯುವುದಿಲ್ಲ. ಅದು ಕಟ್ಟಿಕೊಡುವ ಕೊಂಡಿಗಳಲ್ಲಿ ಆಂತರಿಕ ವಿಳಾಸವೇ ಸೇರಿಕೊಂಡು, ಮೊದಲ ಪುಟ ತೆರೆದರೂ ಮುಂದಿನ ಪುಟ ತೆರೆಯದ ವಿಚಿತ್ರ ಸ್ಥಿತಿ ಉಂಟಾಗಬಹುದು.

ಸ್ವಾರಗೇಟಿನ ಹೋಲಿಕೆ ಒಂದೆಡೆ ಸೋಲುತ್ತದೆ. ಗುರುತಿಲ್ಲದ ಊರನ್ನು ಹೇಳಿದರೆ ಕಿಟಕಿಯವರು ಮರುಪ್ರಶ್ನೆ ಹಾಕುತ್ತಾರೆ. ಸರ್ವರು ಹಾಗೆ ಮಾಡದು. ಹೆಸರು ಹೊಂದದಿದ್ದರೆ ಸಂರಚನೆಯಲ್ಲಿ ಮೊದಲು ಬಂದ ಖಂಡಕ್ಕೇ ಕಳುಹಿಸಿಬಿಡುತ್ತದೆ. ಸೂಚಿಯನ್ನು ಅರಸಿ ಬಂದವರಿಗೆ ಪದಕೋಶ ಕಾಣುತ್ತದೆ, ದೋಷಸೂಚನೆಯೊಂದೂ ಇರುವುದಿಲ್ಲ. ಆಕರಗಳ ವಿಷಯದಲ್ಲಿ ಇದು ಸಣ್ಣ ಅಪಾಯವಲ್ಲ. ಆದುದರಿಂದ ‘ಈ ಹೆಸರಿನ ತಾಣವಿಲ್ಲ’ ಎಂದಷ್ಟೆ ಹೇಳುವ ಖಂಡವೊಂದನ್ನು ಎಲ್ಲಕ್ಕಿಂತ ಮೊದಲು ಇಡುವುದು ಲೇಸು.

ಗೂಢಲಿಪೀಕರಣವಿರುವ 443ರಲ್ಲಿ ಇನ್ನೊಂದು ಸಮಸ್ಯೆಯಿತ್ತು. ಹೋಸ್ಟ್ ಸಾಲು ಮುಚ್ಚಿದ ಲಕೋಟೆಯೊಳಗಿರುತ್ತದೆ. ಲಕೋಟೆ ತೆರೆಯುವ ಮೊದಲೇ ಯಾವ ತಾಣದ ಪ್ರಮಾಣಪತ್ರವನ್ನು ತೋರಿಸಬೇಕೆಂದು ಸರ್ವರು ನಿರ್ಧರಿಸಬೇಕು. ಹೆಸರನ್ನು ಲಕೋಟೆಯ ಮೇಲೆಯೇ ಬರೆಯುವ ಎಸ್‌ಎನ್‌ಐ ಎಂಬ ವಿಸ್ತರಣೆ 2003ರಲ್ಲಿ ನಿರೂಪಿತವಾಯಿತು. ಇಂದಿನ ಬ್ರೌಸರುಗಳೆಲ್ಲ ಅದನ್ನು ಬಲ್ಲವು.

ಹೆಸರನ್ನು ಕನ್ನಡದಲ್ಲಿಯೇ ಇಡಬಯಸುವವರು ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಬ್ರೌಸರು ಕನ್ನಡ ಹೆಸರನ್ನು ‘ಪ್ಯೂನಿಕೋಡ್’ ಎಂಬ ಪದ್ಧತಿಯಿಂದ ರೋಮನ್ ಅಕ್ಷರ ಮತ್ತು ಅಂಕಿಗಳ ಸಾಲಾಗಿ ಮಾರ್ಪಡಿಸಿ ಕಳುಹಿಸುತ್ತದೆ. ‘ಸರ್ವರ್‌ನೇಮ್’ ಎದುರು ಇರಬೇಕಾದುದು ಆ ರೂಪವೇ. ಇದಲ್ಲದೆ, ‘ರಾಜ್‌ಕುಮಾರ್’ ಎಂದು ಬರೆಯುವಾಗ ಜಕಾರ ಕಕಾರಗಳು ಒತ್ತಕ್ಷರವಾಗದಂತೆ ನಡುವೆ ಒಂದು ಅಗೋಚರ ಸಂಕೇತವನ್ನು ಸೇರಿಸುತ್ತೇವೆ. 2003ರ ನಿಯಮಾವಳಿ ಆ ಸಂಕೇತವನ್ನು ಅಳಿಸಿಬಿಡುತ್ತಿತ್ತು. 2010ರಲ್ಲಿ ಪ್ರಕಟವಾದ ನಿಯಮಾವಳಿ ಹಲಂತದ ಬಳಿಕ ಅದನ್ನು ಒಪ್ಪುತ್ತದೆ. ಪರಿಣಾಮವಾಗಿ ಕಣ್ಣಿಗೆ ಒಂದೇ ಆಗಿರುವ ಹೆಸರು ಎರಡು ಬೇರೆ ವಿಳಾಸಗಳಾಗುವ ಸಂಭವವಿದೆ. ಅಂಥ ಪದಗಳನ್ನು ತಾಣದ ಹೆಸರಿಗೆ ಆರಿಸದಿರುವುದೇ ಕ್ಷೇಮವೆಂದು ನಮ್ಮ ಅಭಿಪ್ರಾಯ.

ಮೂರು ಹೆಸರುಗಳ ಬದಲು ಒಂದೇ ಹೆಸರಿನಡಿ ಓರೆಗೆರೆಯ ಬಳಿಕ ಮೂರು ಹಾದಿಗಳನ್ನು ಕೊಡುವ ಕ್ರಮವೂ ಇದೆ. ಪ್ರಮಾಣಪತ್ರ ಒಂದೇ ಸಾಕಾಗುವುದರಿಂದ ಅದು ಸುಲಭ. ಆದರೂ ನಾವು ಹೆಸರುಗಳ ಪರವಾಗಿದ್ದೇವೆ. ಶಾಸನ ಸಂಚಯವು ಮುಂದೆ ಬೇರೊಂದು ವಿಶ್ವವಿದ್ಯಾಲಯದ ಯಂತ್ರಕ್ಕೆ ಸ್ಥಳಾಂತರಗೊಂಡರೆ ಅದೊಂದರ ಡಿಎನ್‌ಎಸ್ ನಮೂದನ್ನು ಬದಲಿಸಿದರಾಯಿತು; ಮಹಾಪ್ರಬಂಧಗಳ ಅಡಿಟಿಪ್ಪಣಿಗಳಲ್ಲಿ ಈಗಾಗಲೇ ಅಚ್ಚಾಗಿರುವ ವಿಳಾಸಗಳು ಮೊದಲಿನಂತೆಯೇ ತೆರೆಯುತ್ತವೆ.