ಶಾಲೆಗೆ ಕಂಪ್ಯೂಟರ್ ಕೊಡುಗೆ: ಉದ್ಘಾಟನೆಯ ನಂತರದ ಲೆಕ್ಕ

ಮಾಹಿತಿ ತಂತ್ರಜ್ಞಾನವು ನಮ್ಮ ಶಾಲೆಗಳನ್ನು ಪ್ರವೇಶಿಸಿ ದಶಕಗಳೇ ಸಂದಿವೆ. ಕೇಂದ್ರ ಸರ್ಕಾರವು 1984-85ರಲ್ಲಿ ‘ಕ್ಲಾಸ್’ ಯೋಜನೆಯ ಮೂಲಕ ಶಾಲೆಗಳಿಗೆ ಕಂಪ್ಯೂಟರ್ ಒದಗಿಸಲು ಆರಂಭಿಸಿತು. ಕರ್ನಾಟಕದಲ್ಲಿ 2001-02ರ ‘ಮಾಹಿತಿ ಸಿಂಧು’ ಯೋಜನೆಯು ಒಂದು ಸಾವಿರ ಸರ್ಕಾರಿ ಪ್ರೌಢಶಾಲೆಗಳನ್ನು ತಲುಪಿತು. ಇಂದು ನಮ್ಮ ಸಂಸ್ಥೆಯ ಅನೇಕ ಸದಸ್ಯರೂ ತಮ್ಮ ಊರಿನ ಶಾಲೆಗಳಿಗೆ ಕಂಪ್ಯೂಟರ್‌ಗಳನ್ನು ಕೊಡುಗೆಯಾಗಿ ನೀಡುತ್ತಿದ್ದಾರೆ. ಈ ಔದಾರ್ಯ ಶ್ಲಾಘನೀಯ. ಆದರೆ ಕೊಡುಗೆಯ ಲೆಕ್ಕವು ಉದ್ಘಾಟನೆಯ ದಿನವೇ ಮುಗಿದುಹೋಗುತ್ತಿದೆಯೇ ಎಂಬುದು ವಿಚಾರಾರ್ಹ.

ಕೆಲವು ವರ್ಷಗಳ ಹಿಂದೆ ಒಂದು ಕನ್ನಡ ಮಾಧ್ಯಮ ಪ್ರೌಢಶಾಲೆಯ ಲೆಕ್ಕಪರಿಶೋಧನೆಗೆ ಹೋಗಿದ್ದೆ. ಆಸ್ತಿಪಟ್ಟಿಯಲ್ಲಿ ದಾನಿಯೊಬ್ಬರು ನೀಡಿದ ಹತ್ತು ಕಂಪ್ಯೂಟರ್‌ಗಳಿದ್ದವು. ಕೊಠಡಿಯನ್ನು ತೆರೆಸಿದಾಗ ಯಂತ್ರಗಳ ಮೇಲೆ ಧೂಳು ಕುಳಿತಿತ್ತು. ಯು.ಪಿ.ಎಸ್. ಬ್ಯಾಟರಿ ಕೆಟ್ಟು ಎರಡು ವರ್ಷವಾಗಿತ್ತು. “ಕಂಪ್ಯೂಟರ್ ಕೊಟ್ಟವರಿದ್ದಾರೆ ಸಾರ್, ಬ್ಯಾಟರಿಗೆ ಯಾರನ್ನು ಕೇಳಲಿ?” ಎಂದರು ಮುಖ್ಯೋಪಾಧ್ಯಾಯರು. ಹಿಂದಿನ ಎರಡು ವರ್ಷಗಳ ಆಸ್ತಿಪಟ್ಟಿಗೆ ಸಹಿ ಹಾಕಿದವನು ನಾನೇ. ದಾಸ್ತಾನು ಪುಸ್ತಕವನ್ನು ನೋಡಿದ್ದೆನೇ ಹೊರತು ಆ ಕೊಠಡಿಯ ಬಾಗಿಲನ್ನು ತೆರೆಸಿರಲಿಲ್ಲ. ಆ ಅವಧಿಯಲ್ಲಿ ಹತ್ತನೆಯ ತರಗತಿ ಮುಗಿಸಿ ಹೊರನಡೆದ ಮಕ್ಕಳಿಗಾದ ನಷ್ಟವು ಯಾವ ಖಾತೆಯಲ್ಲಿಯೂ ದಾಖಲಾಗಲಿಲ್ಲ.

ಆವರ್ತಕ ವೆಚ್ಚವೇ ನಿಜವಾದ ವೆಚ್ಚ

ಉದಾಹರಣೆಗಾಗಿ ಒಂದು ಅಂದಾಜು ಲೆಕ್ಕ ನೋಡೋಣ. ತಲಾ ರೂ. 40,000ದ 20 ಕಂಪ್ಯೂಟರ್‌ಗಳಿಗೆ ರೂ. 8 ಲಕ್ಷ, ಶೇ. 18ರ ಜಿ.ಎಸ್.ಟಿ. ಸೇರಿ ರೂ. 9.44 ಲಕ್ಷ. ಸಾಂಸ್ಥಿಕ ಸಾಮಾಜಿಕ ಹೊಣೆಗಾರಿಕೆಯ (ಸಿ.ಎಸ್.ಆರ್.) ಬಾಧ್ಯತೆಗಾಗಿ ಖರೀದಿಸಿದ ಸರಕಿನ ಮೇಲೆ 2023ರ ಅಕ್ಟೋಬರ್ 1ರಿಂದ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಪಡೆಯುವಂತಿಲ್ಲ. ಉಚಿತ ಕೊಡುಗೆಯಾಗಿ ನೀಡಿದ ಸರಕಿಗೂ ಅದು ಲಭ್ಯವಿಲ್ಲ. ಆದುದರಿಂದ ತೆರಿಗೆಯೂ ವೆಚ್ಚದ ಭಾಗವೇ.

ಕಂಪನಿ ಕಾಯ್ದೆ, 2013ರ ಎರಡನೆಯ ಅನುಸೂಚಿಯು ಡೆಸ್ಕ್‌ಟಾಪ್ ಮತ್ತು ಲ್ಯಾಪ್‌ಟಾಪ್‌ಗಳ ಉಪಯುಕ್ತ ಆಯುಷ್ಯವನ್ನು ಮೂರು ವರ್ಷಗಳೆಂದು ಗುರುತಿಸಿದೆ. ಶೇ. 5ರ ಉಳಿಕೆ ಮೌಲ್ಯವನ್ನು ಬಿಟ್ಟರೆ ವರ್ಷಕ್ಕೆ ಸುಮಾರು ರೂ. 3 ಲಕ್ಷ ಸವಕಳಿ. ಇನ್ನು ಬೋಧಕರಿಗೆ ತಿಂಗಳಿಗೆ ರೂ. 15,000ದಂತೆ ವರ್ಷಕ್ಕೆ ರೂ. 1.80 ಲಕ್ಷ, ವಿದ್ಯುತ್, ಇಂಟರ್ನೆಟ್, ಬ್ಯಾಟರಿ ಹಾಗೂ ದುರಸ್ತಿಗೆ ರೂ. 1 ಲಕ್ಷ ಎಂದಿಟ್ಟುಕೊಂಡರೆ, ಮೂರು ವರ್ಷಗಳ ಆವರ್ತಕ ವೆಚ್ಚ ರೂ. 8.40 ಲಕ್ಷವಾಗುತ್ತದೆ. ಅಂದರೆ ಹೆಚ್ಚುಕಡಿಮೆ ಖರೀದಿಗೆ ತಗುಲುವಷ್ಟೇ ಹಣ ನಡೆಸುವುದಕ್ಕೂ ಬೇಕು. ಕೊಡುಗೆಯ ಪತ್ರಗಳಲ್ಲಿ ಈ ಎರಡನೆಯ ಮೊತ್ತವೇ ಸಾಮಾನ್ಯವಾಗಿ ಕಾಣಸಿಗದು.

ಬೋಧಕರು ಮತ್ತು ಭಾಷೆ

‘ಮಾಹಿತಿ ಸಿಂಧು’ ಯೋಜನೆಯಲ್ಲಿ ಕಂಪ್ಯೂಟರ್ ಬೋಧನೆಯನ್ನು ಖಾಸಗಿ ಸಂಸ್ಥೆಗಳಿಗೆ ವಹಿಸಲಾಗಿತ್ತು. ಗುತ್ತಿಗೆ ಮುಗಿದಾಗ ಬೋಧಕರು ತೆರಳುವುದು ಇಂತಹ ವ್ಯವಸ್ಥೆಯ ಸಹಜ ಮಿತಿ. ನೆರೆಯ ಕೇರಳವು ‘ಐಟಿ ಅಟ್ ಸ್ಕೂಲ್’ ಯೋಜನೆಯಲ್ಲಿ ತನ್ನ ಶಾಲಾ ಶಿಕ್ಷಕರಿಗೇ ತರಬೇತಿ ನೀಡಿ, ಪರವಾನಗಿ ಶುಲ್ಕವಿಲ್ಲದ ಮುಕ್ತ ತಂತ್ರಾಂಶವನ್ನು ಬಳಕೆಗೆ ತಂದಿತು. ಆ ಯೋಜನೆಯು 2017ರಲ್ಲಿ ‘ಕೈಟ್’ ಎಂಬ ಸರ್ಕಾರಿ ಕಂಪನಿಯಾಗಿ ರೂಪುಗೊಂಡಿತು. ಕೌಶಲ್ಯವು ಶಾಲೆಯಲ್ಲಿಯೇ ಉಳಿಯಿತು ಎಂಬುದು ಇಲ್ಲಿ ಗಮನಾರ್ಹ.

ಭಾಷೆಯ ಪ್ರಶ್ನೆಯೂ ಅಷ್ಟೇ ಮುಖ್ಯ. ಕನ್ನಡದಲ್ಲಿ ಕಲಿಯುವ ಮಗುವಿನ ಮುಂದೆ ಇಂಗ್ಲಿಷ್ ಪಾಠಗಳನ್ನಷ್ಟೇ ತುಂಬಿದ ಯಂತ್ರವನ್ನಿಟ್ಟರೆ ಪ್ರಯೋಜನ ಸೀಮಿತ. ಯೂನಿಕೋಡ್‌ಗೆ ಮುಂಚಿನ ಫಾಂಟ್‌ಗಳಲ್ಲಿ ಶಿಕ್ಷಕರು ಸಿದ್ಧಪಡಿಸಿದ ಪಾಠಗಳು ಬೇರೆ ಯಂತ್ರದಲ್ಲಿ ಸರಿಯಾಗಿ ತೆರೆದುಕೊಳ್ಳುವುದಿಲ್ಲ. ಹೊಸ ಪಾಠಗಳಾದರೂ ಯೂನಿಕೋಡ್‌ನಲ್ಲಿಯೇ ಇರಬೇಕು.

ಸದಸ್ಯರು ಗಮನಿಸಬೇಕಾದ ಅಂಶಗಳು

1. ಸಿ.ಎಸ್.ಆರ್. ನಿಯಮಗಳಲ್ಲಿ ‘ಚಾಲ್ತಿ ಯೋಜನೆ’ಗೆ ಅವಕಾಶವಿದೆ. ಆರಂಭದ ಹಣಕಾಸು ವರ್ಷವನ್ನು ಹೊರತುಪಡಿಸಿ ಮೂರು ವರ್ಷಗಳವರೆಗೆ ಅದನ್ನು ಮುಂದುವರಿಸಬಹುದು. ವ್ಯಯವಾಗದ ಹಣವನ್ನು ನಿಗದಿತ ಅವಧಿಯೊಳಗೆ ಪ್ರತ್ಯೇಕ ಬ್ಯಾಂಕ್ ಖಾತೆಗೆ ವರ್ಗಾಯಿಸಬೇಕು. ಕಂಪ್ಯೂಟರ್ ಕೊಡುಗೆಗೆ ಈ ಮಾರ್ಗವೇ ಸೂಕ್ತ.

2. 2021ರ ತಿದ್ದುಪಡಿಯ ನಂತರ ಸಿ.ಎಸ್.ಆರ್. ಹಣದಿಂದ ಕೊಂಡ ಬಂಡವಾಳ ಆಸ್ತಿಯನ್ನು ಕಂಪನಿಯು ತನ್ನ ಹೆಸರಿನಲ್ಲಿ ಇಟ್ಟುಕೊಳ್ಳುವಂತಿಲ್ಲ. ಆಸ್ತಿ ಯಾರ ಹೆಸರಿಗೆ, ದುರಸ್ತಿಯ ಹೊಣೆ ಯಾರಿಗೆ ಎಂಬುದು ಒಪ್ಪಂದದಲ್ಲಿ ಸ್ಪಷ್ಟವಾಗಿರಬೇಕು.

3. ಕಚೇರಿಯಲ್ಲಿ ನಿರುಪಯುಕ್ತವಾದ ಯಂತ್ರಗಳನ್ನು ಶಾಲೆಗೆ ಸಾಗಿಸುವುದು ದಾನವಲ್ಲ. ಇ-ತ್ಯಾಜ್ಯ ನಿರ್ವಹಣಾ ನಿಯಮಗಳು, 2022ರ ಪ್ರಕಾರ ಬೃಹತ್ ಬಳಕೆದಾರರು ಅವುಗಳನ್ನು ನೋಂದಾಯಿತ ಉತ್ಪಾದಕರು, ನವೀಕರಣ ಘಟಕಗಳು ಅಥವಾ ಮರುಬಳಕೆ ಘಟಕಗಳಿಗೆ ಮಾತ್ರ ಹಸ್ತಾಂತರಿಸತಕ್ಕದ್ದು.

4. ವರ್ಷಕ್ಕೊಮ್ಮೆ ಯಂತ್ರಗಳ ಸಂಖ್ಯೆಯ ಬದಲು ಬಳಕೆಯ ದಾಖಲೆಯನ್ನು ಕೇಳಿ: ಎಷ್ಟು ಮಕ್ಕಳು, ವಾರಕ್ಕೆ ಎಷ್ಟು ಅವಧಿ ಕಂಪ್ಯೂಟರ್ ಮುಂದೆ ಕುಳಿತರು?

ನಿಮ್ಮ ಬಳಿ ಇಪ್ಪತ್ತು ಕಂಪ್ಯೂಟರ್‌ಗಳಿಗೆ ಸಾಲುವಷ್ಟು ಹಣವಿದ್ದರೆ ಹತ್ತನ್ನು ಮಾತ್ರ ಕೊಡಿ. ಉಳಿದದ್ದನ್ನು ಬ್ಯಾಟರಿ, ದುರಸ್ತಿ ಹಾಗೂ ಶಿಕ್ಷಕರ ತರಬೇತಿಗಾಗಿ ಕಾದಿರಿಸಿ. ಅಂತೆಯೇ, ಆ ಕೊಠಡಿಯ ಬಾಗಿಲನ್ನು ಪ್ರತಿ ವರ್ಷವೂ ತೆರೆಸಿ ನೋಡುವಂತೆ ನಿಮ್ಮ ಲೆಕ್ಕಪರಿಶೋಧಕರಿಗೆ ತಿಳಿಸಿ.